ಜೀಪಿನ ಕ್ಲಚ್ಚು ಮತ್ತು ನಿಮ್ಮ ಎಡಗಾಲು

ಅತ್ತಿಗೆ,

ನಾನು, ನಿಮ್ಮ ನಾದಿನಿ ಸುಜಾತ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಣ್ಣ ಹೊತ್ತುಹೊತ್ತಿಗೆ ಉಣ್ಣುತ್ತಾನೆ. ನಿಮ್ಮ ನರ್ಸರಿಯ ತೆಂಗಿನ ಸಸಿಗಳು ಈ ಸಲ ಚೆನ್ನಾಗಿ ಎದ್ದಿವೆ. ಬರೆಯಲು ಕೂತಿದ್ದು ಜೀಪಿನ ವಿಷಯಕ್ಕೆ. ಅದರ ಕ್ಲಚ್ಚಿಗೆ ಏನಾಗಿತ್ತೆಂದು ಕೊನೆಗೂ ಗೊತ್ತಾಯಿತು. ಇದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನುಗ್ಗೇಹಳ್ಳಿಯ ಕೆರೆ ಅಂಗಳದಲ್ಲಿ ನೀವು ನನಗೆ ಡ್ರೈವಿಂಗ್ ಕಲಿಸಿದ್ದು ನೆನಪಿದೆ. ಚನ್ನರಾಯಪಟ್ಟಣದಲ್ಲಿ ಬಟ್ಟೆ ಹೊಲಿಯುವವಳಿಗೆ ಜೀಪು ಯಾಕೆ ಎಂದು ಅಣ್ಣ ಗೊಣಗಿದ. “ಮಿಷನ್ ತುಳಿದಿರೋ ಕಾಲು ಕಣ್ರೀ ಅದು. ಕ್ಲಚ್ಚು ಎಲ್ಲಿ ಇಡೀತದೆ ಅನ್ನೋದು ಅವ್ಳಿಗೆ ನಿಮಗಿಂತ ಬ್ಯಾಗ ಗೊತ್ತಾಯ್ತದೆ,” ಅಂದಿರಿ ನೀವು. ಆ ಹಳೇ ಜೀಪಿನಲ್ಲಿ ನೀವು ಹೋಗದ ದಾರಿ ಯಾವುದಿತ್ತು? ಹಳ್ಳಿಮೈಸೂರು ಕಡೆಯ ಕಲ್ಲುದಿಣ್ಣೆ, ಅರಕಲಗೂಡಿನ ಕೆಸರು ಓಣಿ. ಲಾರಿಯವರು ಆಗುವುದಿಲ್ಲ ಎಂದ ತೋಟಗಳಿಗೆಲ್ಲ ನಾಲ್ಕೂ ಚಕ್ರಕ್ಕೆ ಗೇರು ಹಾಕಿಕೊಂಡು ಹತ್ತಿ, ಸಸಿ ಇಳಿಸಿ ಬರುತ್ತಿದ್ದಿರಿ.

ಹಾಸನದಲ್ಲಿ ಡಯಾಲಿಸಿಸ್ ಶುರುವಾದ ಮೇಲೆ ಒಂದು ಬೆಳಿಗ್ಗೆ, ಮನೆ ಮುಂದೆ ನೀವು ಗೇರು ಹಾಕಲು ಹೋದಾಗ ಅದು ಕರ್ರೆಂದು ಕಿರುಚಿತು. ಕ್ಲಚ್ಚು ಪೂರ್ತಿ ಒತ್ತಿದ್ದೀನಿ ಅಂದಿರಿ. ಅಣ್ಣ ನಿಮ್ಮನ್ನು ಇಳಿಸಿ ತಾನು ಹತ್ತಿದ. ಟ್ರಾಕ್ಟರ್ ತುಳಿದ ಕಾಲು ಅವನದು. ದಡಕ್ಕನೆ ಒತ್ತಿದ, ಗೇರು ಸಲೀಸಾಗಿ ಬಿತ್ತು. ನೀವು ಕೂತರೆ ಮತ್ತೆ ಅದೇ ಕಿರುಚಾಟ. ಮೆಕ್ಯಾನಿಕ್ ಮಂಜಣ್ಣನೂ ಬಂದು ಹಾಗೇ ದಡಕ್ಕನೆ ತುಳಿದು ನೋಡಿದ. ಬಾನೆಟ್ ಎತ್ತಿದ. ಡಬ್ಬಿಯಲ್ಲಿ ಕ್ಲಚ್ ಆಯಿಲ್ ಇಳಿದಿರಲಿಲ್ಲ, ಕೆಳಗೆಲ್ಲೂ ಒಂದು ತೊಟ್ಟು ಸೋರಿರಲಿಲ್ಲ. “ಗಾಡೀಲೇನೂ ಇಲ್ಲ ಸಾ. ಅಮ್ಮಾವ್ರ ಕಾಲಲ್ಲಿ ಸಕ್ತಿ ಸಾಲ್ದು, ಅಷ್ಟೇಯ,” ಅಂದ.

ಆಗ ನೀವು ಊದಿಕೊಂಡ ನಿಮ್ಮ ಕಾಲನ್ನೇ ನೋಡಿದಿರಿ. “ಅಂಗಾರೆ ನನ್ ಕಾಲೇ ಓಯ್ತು ಅನ್ನಿ,” ಅಂದಿರಿ. ಅಣ್ಣ ಕೈ ಚಾಚಿದ, ನೀವು ಕೀ ಕೊಟ್ಟಿರಿ. ಅದಾದ ಮೇಲೆ ಆ ಸೀಟಿನಲ್ಲಿ ಕೂರಲೇ ಇಲ್ಲ. ಅಲ್ಲಿಯವರೆಗೆ ಸಸಿಗಳ ನಡುವೆ ಓಡಾಡುತ್ತಿದ್ದವರು ಮಾರನೆಯ ವಾರ ಕೋಲು ಹಿಡಿದಿರಿ. ಡಾಕ್ಟರು ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ನೀವಾಗಿಯೇ…

ನೀವು ಹೋದ ಮೇಲೆ ಜೀಪು ಶೆಡ್ಡಿನಲ್ಲೇ ನಿಂತಿತ್ತು. “ಅದ ನೋಡ್ಕಂಡು ಇರಕ್ಕಾಗಲ್ಲ ಕಣಮ್ಮಿ, ಕೊಟ್ಬುಡಾನ,” ಅಂದ ಅಣ್ಣ. ಹೊಳೆನರಸೀಪುರದ ಒಬ್ಬರು ನೋಡಿ ಒಪ್ಪಿಕೊಂಡೂ ಹೋದರು. ನೀವು ಮೊದಲೇ ಒಪ್ಪಿಕೊಂಡಿದ್ದ ಅರಕಲಗೂಡಿನ ಲೋಡು ಒಂದು ಬಾಕಿಯಿತ್ತು. ಅದನ್ನು ಇಳಿಸಿ ಬರುತ್ತೇನೆ, ಆಮೇಲೆ ಕೊಡು ಎಂದು ನಾನೇ ಕೇಳಿಕೊಂಡೆ.

ಸಸಿ ತುಂಬಿಕೊಂಡು ಹೋಗುವಾಗ ಹೊಳೆನರಸೀಪುರದ ರೈಲ್ವೆ ಗೇಟು ಹಾಕಿತ್ತು. ಮೊದಲನೇ ಗೇರಿನಲ್ಲಿ ಕ್ಲಚ್ಚು ಒತ್ತಿ ಹಿಡಿದು ಕಾಯುತ್ತಿದ್ದೆ. ಜೀಪು ತನ್ನಷ್ಟಕ್ಕೆ ತಾನೇ ಮುಂದಿನ ಬಸ್ಸಿನ ಕಡೆ ಜರುಗತೊಡಗಿತು. ಪೆಡಲ್ಲು ಆಗಲೇ ತಳ ಮುಟ್ಟಿತ್ತು, ಇನ್ನೆಲ್ಲಿ ಒತ್ತಲಿ? ಬ್ರೇಕು ಹಾಕಿದೆ, ಎಂಜಿನ್ ಗಡಗಡ ನಡುಗಿ ನಿಂತುಹೋಯಿತು. ನನ್ನ ಕಾಲಿಗೆ ಏನಾಗಿತ್ತು ಅತ್ತಿಗೆ? ಏನೂ ಆಗಿರಲಿಲ್ಲ. ಪಕ್ಕಕ್ಕೆ ತಳ್ಳಿಸಿಕೊಂಡು ಪರೀಕ್ಷೆ ಮಾಡಿದೆ. ಒಮ್ಮೆಲೇ ತುಳಿದರೆ ಗೇರು ಬೀಳುತ್ತದೆ. ಮೆಲ್ಲಗೆ ಒತ್ತಿದರೆ ಕಿರುಚುತ್ತದೆ. ನೀವು ಕೀ ಕೊಟ್ಟ ಆ ಬೆಳಗು ನೆನಪಾಯಿತು. ಪ್ರತಿ ಗೇರಿಗೂ ಎರಡೆರಡು ಸಲ ತುಳಿಯುತ್ತಾ ಹೇಗೋ ಹೋಗಿ ಬಂದೆ.

ಮನೆಗೆ ಬಂದು ಅಣ್ಣನನ್ನು ಜೀಪಿನ ಕೆಳಗೆ ಮಲಗಿಸಿದೆ. ಪೆಡಲ್ ಒತ್ತಿದರೆ ಮೇಲಿನ ಸಿಲಿಂಡರಿನ ಆಯಿಲ್ ಪೈಪಿನಲ್ಲಿ ಹೋಗಿ, ಗೇರ್‌ಬಾಕ್ಸಿನ ಪಕ್ಕದ ಸಣ್ಣ ಸಿಲಿಂಡರಿನಿಂದ ಒಂದು ಕಡ್ಡಿಯನ್ನು ಹೊರಕ್ಕೆ ತಳ್ಳಬೇಕು. ಕಾಲು ತೆಗೆಯುವವರೆಗೆ ಕಡ್ಡಿ ಅಲ್ಲೇ ನಿಲ್ಲಬೇಕು. ಅದನ್ನೇ ನೋಡುತ್ತಿರು ಎಂದು ಹೇಳಿ, ನಿಮ್ಮ ಹಾಗೆ ಮೆಲ್ಲಗೆ ಒತ್ತಿದೆ.

“ಬತ್ತಾ ಅದೆ… ಬತ್ತಾ ಅದೆ. ಯಾಕ್ ಕಾಲ್ ತಗದೆ?”

“ತೆಗೆದಿಲ್ಲ ಅಣ್ಣ.”

“ಸುಳ್ಳೇಳ್ಬ್ಯಾಡ. ಕಡ್ಡಿ ವಾಪಸ್ ಓಯ್ತಾ ಅದೆ.”

“ಎದ್ದು ಬಂದು ನೋಡು. ತಳಕ್ಕೆ ಒತ್ತಿ ಹಿಡಿದಿದ್ದೀನಿ.”

ಅವನು ಎದ್ದು ಬರಲಿಲ್ಲ. “ಇನ್ನೊಂದ್ ಸಲ ಒತ್ತು,” ಅಂದ. ಒತ್ತಿದೆ. “ಇನ್ನೊಂದ್ ಸಲ.” ಮತ್ತೆ ಒತ್ತಿದೆ. ಕೆಳಗೆ ಹಾಸಿಕೊಂಡಿದ್ದ ಗೋಣಿಚೀಲದಿಂದಾಚೆ ಚಾಚಿದ್ದ ಅವನ ಪಾದಗಳಷ್ಟೇ ಕಾಣುತ್ತಿದ್ದವು. “ಅವ್ಳ ಕಾಲಲ್ಲ ಕಣಮ್ಮಿ ಅದು,” ಎಂದು ಕೆಳಗಿನಿಂದಲೇ ಹೇಳಿದ.

ಮಂಜಣ್ಣನನ್ನು ಕರೆಸಿ ಮೇಲಿನ ಸಿಲಿಂಡರ್ ಬಿಚ್ಚಿಸಿದೆವು. ಒಳಗಿನ ರಬ್ಬರ್ ಬಟ್ಟಲು ಕಲ್ಲಿನಂತಾಗಿ ಅಂಚು ಸವೆದಿತ್ತು. ಆಯಿಲ್ ಹೊರಗೆ ಸೋರುತ್ತಿರಲಿಲ್ಲ, ಆ ಅಂಚಿನಿಂದ ಒಳಗೊಳಗೇ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೇ ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿರಲಿಲ್ಲ. ದಡಕ್ಕನೆ ತುಳಿದರೆ ಜಾರಲು ಅದಕ್ಕೆ ಹೊತ್ತೇ ಸಿಗುವುದಿಲ್ಲ, ಮೆಲ್ಲಗೆ ಒತ್ತಿದರೆ ಸಿಗುತ್ತದೆ. ನೀವು ಯಾವತ್ತು ದಡಕ್ಕನೆ ತುಳಿದಿದ್ದಿರಿ ಹೇಳಿ? ಆರೋಗ್ಯ ಗಟ್ಟಿಯಿದ್ದ ದಿನಗಳಲ್ಲೂ ಇಲ್ಲ. ಹಿಂದಿರುವ ಸಸಿಗಳ ಬೇರು ಅಲುಗಬಾರದೆಂದು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುವುದೇ ನಿಮ್ಮ ಅಭ್ಯಾಸವಾಗಿತ್ತು. ಹೊಸ ರಬ್ಬರ್ ಕೂರಲು ಸಿಲಿಂಡರಿನ ಒಳಮೈ ಕೂಡ ಚೆನ್ನಾಗಿರಲಿಲ್ಲ. ಸಿಲಿಂಡರನ್ನೇ ಬದಲಾಯಿಸಿ, ಪೈಪಿನ ಗಾಳಿ ತೆಗೆಸಿದೆವು. “ನಾನೂ ಮೆಲ್ಲಗೊಂದ್ಸಲ ಒತ್ತಿ ನೋಡ್ಬೇಕಾಗಿತ್ತು,” ಎಂದು ಮಂಜಣ್ಣ ಕೈ ಒರೆಸಿಕೊಂಡ. ಕೊಳ್ಳಲು ಬಂದವರಿಗೆ ಅಣ್ಣ ಫೋನಿನಲ್ಲೇ ಇಲ್ಲ ಎಂದುಬಿಟ್ಟ.

ಮೊನ್ನೆ ಹಳ್ಳಿಮೈಸೂರಿನಲ್ಲಿ ನಿಮ್ಮ ತವರಿನ ಕಡೆಯ ಮದುವೆ. ಊಟಕ್ಕೆ ಕೂತಾಗ ಅಣ್ಣ ಜೇಬಿನಿಂದ ಆ ಹಳೇ ರಬ್ಬರ್ ತೆಗೆದು ನಿಮ್ಮ ಅಣ್ಣನ ಕೈಗೆ ಕೊಟ್ಟ. “ನೋಡಿ ಬಾವ. ನಿಮ್ ತಂಗಿ ಕಾಲು ನೆಟ್ಟಗಿತ್ತು. ಕೆಟ್ಟಿದ್ದು ಗಾಡಿ. ಗೊತ್ತಿಲ್ದೆ ಅವ್ಳ ಕೈಯಿಂದ ಕೀ ಇಸ್ಕಂಡ್ಬುಟ್ಟೆ ನಾನು,” ಅಂದ. ಸಾಲಿನವರೆಲ್ಲ ತಿರುಗಿದರು. ನಿಮ್ಮಣ್ಣ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಅವ್ಳು ಚಿಕ್ಕೋಳಿದ್ದಾಗಿಂದ್ಲೂ ಅಂಗೇ ಕಣಪ್ಪ. ಸೈಕಲ್ ಚೈನ್ ಕಳಚ್ಕಂಡ್ರೂ ನಂಗೇ ತುಳಿಯಕ್ ಬರಾಕಿಲ್ಲ ಅಂತ ಅತ್ಕಂಡು ಬರೋಳು,” ಅಂದರು. ಅಣ್ಣ ನಕ್ಕುಬಿಟ್ಟ. ನೀವು ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ವಾಪಸು ಬರುವಾಗ ಜೀಪು ನಾನೇ ಓಡಿಸಿದೆ. ಅಣ್ಣ ಪಕ್ಕದಲ್ಲಿ ಕೂತು ದಾರಿ ನೋಡದೆ ನನ್ನ ಎಡಗಾಲನ್ನೇ ನೋಡುತ್ತಿದ್ದ. ಒಂದು ಏರಿನಲ್ಲಿ ಗೇರು ಬದಲಿಸಲು ಹೋದೆ.

“ಮೆಲ್ಲಗ್ ಒತ್ತು,” ಅಂದ. “ಅವ್ಳಂಗೆ.”

ನಿಮ್ಮ,
ಸುಜಾತ