ಜೀಮ್, ನೂನ್, ನೂನ್

ಒಳಗಿರುವ ಕಂದಾ,

ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ಸಂಕೋಚ. ಇವತ್ತು ಹೆದರಿಕೆಯೂ ಸೇರಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಅರಬ್ಬಿ ಮಾಸ್ತರು ನಮ್ಮ ಬೈಂಡಿಂಗ್ ಅಂಗಡಿಗೆ ಒಂದು ನಿಘಂಟು ತಂದರು. ಹಾಳೆಗಳೆಲ್ಲ ಬಿಡಿಬಿಡಿ. ನಾನು ರೂಢಿಯಂತೆ ಎಡಬದಿಗೆ ಹೊಲಿಗೆ ಹಾಕಿಬಿಟ್ಟೆ.

"ಅಯ್ಯೋ ತಂಗಿ, ಪುಸ್ತಕದ ಬಾಯನ್ನೇ ಹೊಲಿದಿದ್ದೀಯಲ್ಲ! ಇದನ್ನ ಬಲಗಡೆಯಿಂದ ಓದೋದು" ಎಂದು ಮಾಸ್ತರು ನಕ್ಕರು. ಅಂಗಡಿಯ ಅಕ್ಕ ಬಿಟ್ಟಾಳೆ? "ಬಸುರಿ ಹೆಂಗಸು ಮಾಸ್ತರೇ, ಅವಳಿಗೀಗ ಎಡ ಬಲ ಎಲ್ಲಾ ಒಂದೇ!"

ಹೊಲಿಗೆ ಬಿಚ್ಚಿದೆ. ಹಾಳೆ ಜೋಡಿಸಿಕೊಡಲು ಮಾಸ್ತರೇ ಪಕ್ಕದಲ್ಲಿ ಕೂತರು. ಒಂದು ಹಾಳೆ ಬಂದಾಗ ನನ್ನ ಹೊಟ್ಟೆ ನೋಡಿ, "ಇದು ನಿನ್ನ ಪುಟ" ಎಂದರು. ಅರಬ್ಬಿಯಲ್ಲಿ ಮೂರಕ್ಷರದ ಒಂದೊಂದು ಬೇರಿನಿಂದ ಹತ್ತಾರು ಮಾತು ಹುಟ್ಟುತ್ತವಂತೆ. ಈ ಬೇರು ಜೀಮ್, ನೂನ್, ನೂನ್. ಮುಚ್ಚುವುದು, ಮರೆಯಾಗಿಸುವುದು ಎಂದರ್ಥ. ಮರಗಳು ಮುಚ್ಚಿದ ತೋಟ ಜನ್ನತ್. ಮೈ ಮರೆಮಾಡುವ ಗುರಾಣಿ ಜುನ್ನತ್. ಬುದ್ಧಿಗೆ ಮುಸುಕು ಬಿದ್ದವನು ಮಜ್ನೂನ್. ಕಣ್ಣಿಗೆ ಕಾಣದೆ ಓಡಾಡುವ ಭೂತದಂಥದ್ದು ಜಿನ್. ಬಸಿರಲ್ಲಿ ಅಡಗಿದ ಕೂಸು ಜನೀನ್.

ಆ ಕೊನೆಯ ಮಾತಿಗೆ ನೀನು ಒದ್ದೆ. ಮಾರನೆಯ ದಿನ ಅದೇ ಹೆಸರಿನಿಂದ ಕರೆದಾಗಲೂ ಓಗೊಟ್ಟೆ. ಎಷ್ಟು ಹಿಗ್ಗಿದ್ದೆ ಗೊತ್ತಾ?

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸಮ್ಮ ಯಂತ್ರವನ್ನು ಹೊಟ್ಟೆಯ ಮೇಲೆ ಸರಿಸಿ ಸರಿಸಿ ನೋಡಿ, ಎದ್ದು ಹೊರಗೆ ಹೋದಳು. ಡಾಕ್ಟರಮ್ಮ ಬಂದು ಹುಡುಕಿದರು. "ಎದೆಬಡಿತ ಇಲ್ಲಮ್ಮ. ಎರಡು ಮೂರು ದಿನಾನೇ ಆಗಿರಬೇಕು. ನಾಳೆ ಬಾ, ತೆಗೀಬೇಕು."

"ಈಗ ಬರೋ ದಾರೀಲಿ ಒದೀತಲ್ಲ?" ಎಂದೆ.

"ಒದ್ದ ಹಾಗನ್ನಿಸುತ್ತೆ ಅಷ್ಟೇ, ತಾಯಿ."

ನನ್ನ ಬುದ್ಧಿಗೇ ಮುಸುಕು ಬಿದ್ದಿದೆಯೋ ಏನೋ ಎಂದುಕೊಂಡು ಯಾರಿಗೂ ಹೇಳದೆ ಅಂಗಡಿಗೆ ಬಂದು ಕೂತೆ. ಹೊಟ್ಟೆಯನ್ನು ಮೇಜಿಗೆ ಆನಿಸಿ, ಜನೀನ್, ಎಂದು ಕರೆದೆ. ನೀನು ಮಿಸುಕಲಿಲ್ಲ. ತೋಟದ ಮಾತು ಹೇಳಿದೆ, ಗುರಾಣಿಯ ಮಾತು ಹೇಳಿದೆ. ಇಲ್ಲ. ಕೊನೆಗೆ, ಕಣ್ಣಿಗೆ ಕಾಣದೆ ಓಡಾಡುವುದರ ಹೆಸರನ್ನು ಬರೀ ಉಸಿರಿನಲ್ಲಿ ಹೇಳಿದೆ.

ಮೇಜು ಅಲುಗಿತು. ಅಕ್ಕ ಕತ್ತರಿ ಹಿಡಿದವಳು ತಿರುಗಿ ನೋಡಿ, "ಅಬ್ಬಬ್ಬಾ, ಗಟ್ಟಿ ಪಿಂಡ ಕಣೇ!" ಎಂದು ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ?

ನಾಳೆ ನಾನು ಆಸ್ಪತ್ರೆಗೆ ಹೋಗುವುದಿಲ್ಲ. ಆ ಪುಟದ ಯಾವ ಮಾತು ನೀನೋ ನನಗೆ ತಿಳಿಯದು. ನಿನಗಾಗಿ ನನ್ನ ಎದೆಯಲ್ಲಿ ಹಾಲು ಬಂದಿದೆ, ಅಷ್ಟು ಗೊತ್ತು. ಹುಟ್ಟಿದ ಕೂಡಲೇ ಅಳು, ಕಂದಾ. ಅಳದಿದ್ದರೂ ಎತ್ತಿಕೊಳ್ಳುತ್ತೇನೆ.

ನೂರು ವರುಷ ಬಾಳು, ಎಲ್ಲಿ ಬಾಳಬೇಕೋ ಅಲ್ಲಿ.

ನಿನ್ನನ್ನು ಯಾರಿಗೂ ಕೊಡದ,
ಅಮ್ಮ