ಕತ್ತರಿಸಬಾರದಿದ್ದ ತಂತಿ

ಗರುಡಾಚಾರ್‌ಪಾಳ್ಯ
12 ನವೆಂಬರ್ 2006, ಭಾನುವಾರ

ಪ್ರೀತಿಯ ಆಬಿದಾ,

ನಿನಗೂ ನಿನ್ನ ಮನೆಯವರಿಗೂ ಸುಕನ್ಯಳ ಸಲಾಮು. ಹದಿಮೂರು ವರ್ಷ ಒಂದು ಸಾಲೂ ಬರೆಯದವಳಿಗೆ ಈಗ ಹೇಗೆ ನೆನಪಾಯಿತು ಎಂದು ನೀನು ಮೂಗು ಮುರಿದರೂ ಸರಿಯೇ. ವಿಳಾಸ ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಿನ್ನ ತಮ್ಮ ಹಸನ್‌ನ ರೇಡಿಯೋ ರಿಪೇರಿ ಅಂಗಡಿ ಶಿವಾಜಿನಗರದಲ್ಲೇ ಇದೆ, ಕೇಳಿದ್ದರೆ ಅಂದೇ ಕೊಡುತ್ತಿದ್ದ. ನಾನು ಕೇಳಲಿಲ್ಲ, ತಪ್ಪಾಯಿತು. ಈಗ ಅವನು ನಿನ್ನ ಫೋನ್ ನಂಬರನ್ನೂ ಕೊಟ್ಟಿದ್ದಾನೆ. ಆದರೆ ಫೋನಿನಲ್ಲಿ ನನಗೆ ಮಾತು ತೊದಲುತ್ತದೆ, ಅದಕ್ಕೇ ಈ ಕಾಗದ. ನಿನ್ನನ್ನು ಒಂದು ಕೆಲಸಕ್ಕೆ ಕರೆಯಬೇಕಿದೆ. ಆಗುವುದಿಲ್ಲ ಎನ್ನುವ ಮೊದಲು ದಯವಿಟ್ಟು ಪೂರ್ತಿ ಓದು.

ನನ್ನ ಸುದ್ದಿ ಕೇಳಿದರೆ ನಗುತ್ತೀಯೆ. ಸ್ವಯಂ ನಿವೃತ್ತಿ ತೆಗೆದುಕೊಂಡು ಏಳು ತಿಂಗಳಾಯಿತು. ಐವತ್ತೆರಡನೆಯ ವಯಸ್ಸಿನಲ್ಲಿ ಹೆಲಿಕಾಪ್ಟರ್ ಜೋಡಿಸಿದೆ ಕಣೇ! ನಿಜವಾದದ್ದಲ್ಲ, ಮೊಳದುದ್ದದ್ದು, ಬ್ಯಾಟರಿಯದು, ಕೆಳಗೆ ನಿಂತು ರಿಮೋಟಿನಲ್ಲಿ ಹಾರಿಸುವಂಥದ್ದು. ನಮ್ಮವರ ಸಾಹೇಬರು ಸಿಂಗಪುರದಿಂದ ತಂದು, ಜೋಡಿಸಲು ಪುರುಸೊತ್ತಿಲ್ಲದೆ ಇವರ ಕೈಗೆ ಕೊಟ್ಟರಂತೆ. ಇವರು ಅಟ್ಟದ ಮೇಲಿಟ್ಟು ಮರೆತರು. ಗಣೇಶನ ಹಬ್ಬಕ್ಕೆ ಧೂಳು ಹೊಡೆಯುವಾಗ ಪೆಟ್ಟಿಗೆ ನನ್ನ ಭುಜದ ಮೇಲೆ ಬಿತ್ತು. ಬಿಚ್ಚಿದರೆ ಒಳಗೆಲ್ಲ ತಂತಿಗಳು. ಈ ಕೈ ಸುಮ್ಮನಿರುತ್ತದೆಯೇ?

"ಬಿಡೇ, ಹುಡುಗ್ರು ಆಟದ ಸಾಮಾನು," ಎಂದರು ಕೆಂಪರಾಜ್.

"ಹುಡುಗ್ರಿಗೆ ಸಾಲ್ಡರಿಂಗ್ ಬರುತ್ತೇನ್ರೀ?" ಎಂದೆ. ಅಂದಿನಿಂದ ಊಟದ ಮೇಜು ನನ್ನದಾಯಿತು, ಅವರಿಗೆ ಚಾಪೆ.

ಎಳ್ಳಿನಷ್ಟು ಪುಟ್ಟ ತಿರುಪುಗಳು. ಅಳತೆಗೊಂದರಂತೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ವಿಂಗಡಿಸಿಟ್ಟೆ, ಎರಡು ವಾರ ಮನೆಯಲ್ಲಿ ಇಡ್ಲಿ ಇಲ್ಲ. ಜೊತೆಗಿದ್ದ ಇಂಗ್ಲಿಷ್ ಪುಸ್ತಕವನ್ನು ಚಿತ್ರ ನೋಡಿಯೇ ಅರ್ಥಮಾಡಿಕೊಂಡೆ. ಬಾಲ ಅತ್ತಿತ್ತ ತಿರುಗದಂತೆ ಹಿಡಿಯಲು ಗೈರೋ ಎಂಬ ಪುಟ್ಟ ಡಬ್ಬಿ ಇರುತ್ತದೆ. ಮೊದಲ ಸಲ ಅದು ಉಲ್ಟಾ ಹಿಡಿದು, ಹೆಲಿಕಾಪ್ಟರ್ ನೆಲದ ಮೇಲೇ ಬುಗುರಿಯಂತೆ ಸುತ್ತಿತು. ಇವರು ಚಾಪೆ ಬಿಟ್ಟು ಅಡುಗೆಮನೆಗೆ ಓಡಿದರು. ಡಬ್ಬಿಯ ಪಕ್ಕದ ಸ್ವಿಚ್ಚನ್ನು ಆಚೆಗೆ ಸರಿಸಿದೆ, ಸರಿಹೋಯಿತು.

ಮೋಟಾರಿನ ತಂತಿಗಳನ್ನು ಬೆಸೆಯುವಾಗ ಪ್ರತಿ ಸಲವೂ ನೀನು ಪಕ್ಕದಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಎಂಬತ್ತಾರರಲ್ಲಿ ನಾನು ಫ್ಯಾಕ್ಟರಿ ಸೇರಿದ ಮೊದಲ ದಿನವೇ ಬೆರಳು ಸುಟ್ಟುಕೊಂಡು ಅಳುತ್ತಾ ಕೂತಿದ್ದೆ. ನೀನು ನನ್ನ ಕೈಯನ್ನು ನೀರಿನ ಜಗ್ಗಿನಲ್ಲಿ ಅದ್ದಿ ಹಿಡಿದು, "ಮೊದ್ಲು ತಂತಿ ಬಿಸಿ ಆಗ್ಲಿ, ಆಮೇಲೆ ಲೆಡ್ಡು ಕೊಡು. ಅವಸರ ಮಾಡಿದ್ರೆ ಬರೀ ಮೇಲ್ಮೇಲೆ ಅಂಟ್ಕೊಳ್ಳುತ್ತೆ," ಎಂದೆ. ನಾನು ಇಪ್ಪತ್ತು ವರ್ಷ ದುಡಿದದ್ದು ಆ ಎರಡು ಮಾತಿನ ಮೇಲೆ. ಈ ಮನೆಯ ಮೇಲಿನ ಅಂತಸ್ತು, ಮಗಳ ಓದು, ಮದುವೆ, ಎಲ್ಲವೂ ನೀನು ಕಲಿಸಿದ ಕೈಕೆಲಸದಿಂದ ಆದದ್ದು. ಇದನ್ನು ನಿನ್ನ ಎದುರಿಗೆ ಯಾವತ್ತೂ ಹೇಳಲಿಲ್ಲ. ನಿನ್ನ ಉಪಕಾರ ನಾನು ಮರೆತಿಲ್ಲ ಆಬಿದಾ.

ಇನ್ನು ನನ್ನ ಘನಕಾರ್ಯ ಕೇಳು. ಎಲ್ಲ ತಂತಿಗಳನ್ನೂ ಫ್ಯಾಕ್ಟರಿಯಲ್ಲಿ ನಾವು ಹಾರ್ನೆಸ್ ಕಂತೆ ಕಟ್ಟುತ್ತಿದ್ದ ಹಾಗೆಯೇ ಒಟ್ಟುಗೂಡಿಸಿ, ಮೇಣದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕಿ ಬಿಗಿದೆ. ಒಂದೇ ಒಂದು ಕಪ್ಪು ತಂತಿ ಎರಡು ಮೊಳ ಉದ್ದ ಜೋತುಬಿದ್ದಿತ್ತು. ಇನ್ನೊಂದು ತುದಿ ಯಾವುದಕ್ಕೂ ಸೇರುತ್ತಿರಲಿಲ್ಲ. ಜೋತುಬಿದ್ದ ತಂತಿ ಕಂಡರೆ ನಮ್ಮ ಲೈನಿನವರಿಗೆ ಮೈ ಉರಿಯುತ್ತದಲ್ಲ? ಗೇಣುದ್ದ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಕಂತೆಯೊಳಗೆ ಸೇರಿಸಿ ಕಟ್ಟಿದೆ. ನೋಡಲು ಮುತ್ತಿನ ಹಾಗಿತ್ತು.

ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಹಾರಿಸಿದೆ. ಪಕ್ಕದಲ್ಲಿರುವಷ್ಟು ಹೊತ್ತು ಹೇಳಿದ ಮಾತು ಕೇಳಿತು. ಹತ್ತು ಹೆಜ್ಜೆ ದೂರ ಹೋದದ್ದೇ ತಡ, ಮೈಮೇಲೆ ಬಂದಂತೆ ಒದ್ದಾಡಿ ಮಗುಚಿ ಬಿತ್ತು, ಒಂದು ರೆಕ್ಕೆ ಮುರಿಯಿತು. ಅದನ್ನು ಚೀಲಕ್ಕೆ ಹಾಕಿಕೊಂಡು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿದೆ. ಶಿವಾಜಿನಗರದಲ್ಲಿ ರೇಡಿಯೋ ಬಲ್ಲವನೆಂದು ನನಗೆ ಗೊತ್ತಿದ್ದವನು ಹಸನ್ ಒಬ್ಬನೇ.

ಅವನು ಕಂತೆಯ ದಾರ ಬಿಚ್ಚಿ ನೋಡಿದವನೇ, "ಯಾ ಅಲ್ಲಾ, ಏರಿಯಲ್ ಕಟ್ ಮಾಡಿದ್ದು ಯಾರಕ್ಕಾ?" ಎಂದ.

"ನಾನೇ. ಸುಮ್ನೆ ನೇತಾಡ್ತಿತ್ತು."

"ಅಷ್ಟುದ್ದ ಇದ್ರೇನೇ ಅಕ್ಕಾ ಅದಕ್ಕೆ ರಿಮೋಟ್ ಹೇಳಿದ್ದು ಕೇಳ್ಸೋದು. ನೀವು ಅದ್ರ ಕಿವೀನೇ ಕತ್ರಿಸಿಬಿಟ್ಟಿದ್ದೀರಲ್ಲ! ಮೋಟಾರ್ ತಂತಿ ಜೊತೆ ಬೇರೆ ಕಟ್ಟಿದ್ದೀರಿ."

ಪುಸ್ತಕದ ಕೊನೆಯ ಪುಟದಲ್ಲಿ ಕತ್ತರಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದಿತ್ತು. ಆ ಪುಟವನ್ನು ನಾನು ತಿರುಗಿಸಿಯೇ ಇರಲಿಲ್ಲ. ಹಸನ್ ಅಷ್ಟೇ ಉದ್ದದ ತಂತಿ ಬೆಸೆದು, ಉಳಿದವುಗಳಿಂದ ದೂರಕ್ಕೆ ಎಳೆದು ಕಟ್ಟಿದ. ಹೊಸ ರೆಕ್ಕೆಯನ್ನೂ ಹುಡುಕಿಕೊಟ್ಟ. ಮೊನ್ನೆ ಸಂಜೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಮೊಣಕಾಲೆತ್ತರಕ್ಕೆ, ಅಲುಗದೆ ನಿಂತಿತು. "ಲೇ, ನಿಂತೈತೆ ಕಣೇ!" ಎಂದು ಇವರು ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದರು. ನನಗೆ ಕಣ್ಣಲ್ಲಿ ನೀರು ಬಂತು.

ಕರೆಯುತ್ತಿರುವ ಕೆಲಸ ಏನೆಂದರೆ, ಮರ್ಫಿ ಟೌನಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರದವರು ಜನವರಿಯಿಂದ ಸಾಲ್ಡರಿಂಗ್ ಕ್ಲಾಸನ್ನೂ ಶುರು ಮಾಡುತ್ತಾರೆ. ಅದನ್ನು ನೋಡಿಕೊಳ್ಳುವ ಯಮುನಾ ಮೇಡಂ ನನ್ನನ್ನು ಕರೆದರು. ಕೈ ಹಿಡಿದು ಕಲಿಸುವವಳು ಆಬಿದಾ, ನಾನು ಬೇಕಾದರೆ ಜೊತೆಗಿರುತ್ತೇನೆ ಎಂದೆ. ವಾರಕ್ಕೆ ಮೂರು ದಿನ. ನೀನು ಹಸನ್‌ನ ಮನೆಯಲ್ಲೇ ಉಳಿಯಬಹುದು.

ಅವನಿಗೆ ಹೇಳಿದರೆ ತಲೆ ಅಲ್ಲಾಡಿಸಿಬಿಟ್ಟ. "ಆಪಾ ಬರಲ್ಲ ಅಕ್ಕಾ. ಆ ಹನ್ನೆರಡು ಹಾರ್ನೆಸ್ ಗಿರಾಕಿ ಹತ್ರದಿಂದ ವಾಪಸ್ ಬಂದು ಕೆಲ್ಸದಿಂದ ತೆಗೆದ್ರಲ್ಲ, ಅವತ್ತಿಂದ ಸಾಲ್ಡರಿಂಗ್ ಐರನ್ ಮುಟ್ಟಿಲ್ಲ. ನೋಡಿ ನೋಡಿ ಪಾಸ್ ಮುದ್ರೆ ಹಾಕ್ದೆ, ಆದ್ರೂ ತಪ್ಪು ಕಾಣ್ಲಿಲ್ಲ, ನನ್ನ ಕಣ್ಣು ನಂಬೋ ಹಾಗಿಲ್ಲ ಅಂತಾರೆ. ಅಕ್ಕಿ ಆರಿಸಿದ್ರೂ ಇನ್ನೊಬ್ರ ಕೈಲಿ ಮತ್ತೆ ನೋಡಿಸ್ತಾರೆ," ಎಂದ. ನಿನ್ನ ಕಣ್ಣನ್ನು ನೀನೇ ನಂಬುತ್ತಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಇಳಿಯುವ ಸ್ಟಾಪು ದಾಟಿದ್ದೂ ತಿಳಿಯಲಿಲ್ಲ.

ದೇವರು ನಿನ್ನನ್ನೂ ನಿನ್ನ ಮಕ್ಕಳನ್ನೂ ತಂಪಾಗಿಟ್ಟಿರಲಿ. ನಿನ್ನ ಅಲ್ಲಾನ ಹತ್ತಿರ ನನಗಾಗಿಯೂ ಒಂದು ಮಾತು ಕೇಳು.

ನಿನ್ನಿಂದ ಕಲಿತ,
ಸುಕನ್ಯ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ: ಆ ಹನ್ನೆರಡರಲ್ಲೂ ಒಂದೊಂದು ಬಿಳಿ ತಂತಿಯನ್ನು ಗಿರಾಕಿಗಳು ಬೇಕೆಂದೇ ಉದ್ದ ಬಿಡಲು ಹೇಳಿದ್ದರು. ನನಗೆ ಅದು ತಿಳಿದಿರಲಿಲ್ಲ. ನೀನು ಒಂದೊಂದನ್ನೂ ನೋಡಿ, ಮುದ್ರೆ ಒತ್ತಿ, ಊಟಕ್ಕೆ ಹೋದೆ. ಪೆಟ್ಟಿಗೆಗೆ ತುಂಬುವ ಮುಂಚೆ, ಚೆಂದ ಕಾಣಲೆಂದು, ನಾನು ಆ ಬಿಳಿ ತಂತಿಗಳನ್ನೆಲ್ಲ ಕತ್ತರಿಸಿದೆ. ಫ್ಯಾಕ್ಟರಿ ಸಾಹೇಬರು ಎಲ್ಲರ ಎದುರು ನಿನ್ನನ್ನು ಕೇಳಿದಾಗ ನಾನು ನಿನ್ನ ಹಿಂದೆಯೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆಂದು ಹೆದರಿದೆ. ಯಮುನಾ ಮೇಡಂಗೆ ನಿನ್ನೆ ಎಲ್ಲ ಹೇಳಿದ್ದೇನೆ. ನಾನು ಬೇಡವಾದರೆ ನೀನೊಬ್ಬಳೇ ಕಲಿಸು. ನನ್ನ ಮುಖ ನೋಡುವುದೂ ಬಿಡುವುದೂ ನಿನ್ನಿಷ್ಟ. ಆದರೆ ನೀನು ಮುದ್ರೆ ಒತ್ತಿದಾಗ ಹನ್ನೆರಡೂ ಸರಿಯಾಗಿದ್ದವು ಆಬಿದಾ.