ಆ ಮಚ್ಚೆ ನಿಮ್ಮದಲ್ಲ

ನಗರಸಭೆಯ ಮಾನ್ಯ ಆಯುಕ್ತರೇ,

ಸುಮಾರು ನಲವತ್ತು ವರ್ಷ ಹಳೆಯದಾದ ಒಂದು ವ್ಯಂಗ್ಯಚಿತ್ರವನ್ನು ತಾವು ಸಾರ್ವಜನಿಕ ಗ್ರಂಥಾಲಯದ ಗೋಡೆಯಿಂದ ಇಳಿಸಿ ತಮ್ಮ ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ್ದೀರಿ. ಅದು ನನ್ನ ಅಣ್ಣ ಬರೆದದ್ದು. ಅಣ್ಣ ಈಗಿಲ್ಲ. ಪ್ರದರ್ಶನ ಮುಗಿದ ಮೇಲೆ ವಾಪಸ್ಸು ಕೊಡುವ ಮಾತಿನ ಮೇಲೆ ಗ್ರಂಥಪಾಲಕಿಗೆ ನಾನು ಕೊಟ್ಟಿದ್ದೆ. ಇಳಿಸಿದ್ದಕ್ಕೆ ಕಾರಣ ಕೇಳಿದರೆ ತಮ್ಮ ಕಚೇರಿಯವರು, ಚಿತ್ರದ ಅಧಿಕಾರಿಯ ಎಡಗೆನ್ನೆಯಲ್ಲಿ ಮಚ್ಚೆಯಿದೆ, ತಮ್ಮ ಎಡಗೆನ್ನೆಯಲ್ಲೂ ಇದೆ, ಆದ್ದರಿಂದ ಇದು ತಮ್ಮ ತೇಜೋವಧೆ ಎಂದರು. ಆ ಚಿತ್ರ ಅಚ್ಚಾದಾಗ ತಾವು ಬಹುಶಃ ಮಗ್ಗಿ ಬಾಯಿಪಾಠ ಮಾಡುತ್ತಿದ್ದಿರಿ. ಅಷ್ಟು ಚಿಕ್ಕ ಮಗುವಿನ ಮೇಲೆ ನನ್ನ ಅಣ್ಣನಿಗೆ ಎಂಥ ಹಗೆ ಇದ್ದೀತು?

ಚಿತ್ರ ನೋಡುವ ಮೊದಲೇ ಅದನ್ನು ಕಳೆದುಕೊಂಡ ಊರಿನವರಿಗಾಗಿ ಅದರಲ್ಲೇನಿದೆ ಎಂದು ಈ ಬಹಿರಂಗ ಪತ್ರದಲ್ಲಿ ಹೇಳುತ್ತೇನೆ. ಒಬ್ಬ ದಪ್ಪ ಅಧಿಕಾರಿ ದೂರು ಪೆಟ್ಟಿಗೆಯ ಮೇಲೆ ಕೂತಿದ್ದಾನೆ. ಪೆಟ್ಟಿಗೆಯ ಕಂಡಿ ಅವನ ಕೆಳಗೆ ಮುಚ್ಚಿಹೋಗಿದೆ. ಎದುರಿಗೆ ಕೈಯಲ್ಲಿ ಕಾಗದ ಹಿಡಿದ ಜನರ ಸಾಲು ಬಾಗಿಲು ದಾಟಿ ಬೀದಿಯವರೆಗೂ ಹೋಗಿದೆ. ಅವನು ಪಕ್ಕದಲ್ಲಿ ನಿಂತ ಗುಮಾಸ್ತನಿಗೆ, ‘ನೋಡಿದ್ರಾ, ನಾನು ಬಂದ ಮೇಲೆ ಒಂದೇ ಒಂದು ದೂರಿಲ್ಲ’ ಎನ್ನುತ್ತಿದ್ದಾನೆ. ಇಷ್ಟೇ. ನಮ್ಮ ಓಣಿಯ ದೀಪ ಕೆಟ್ಟಿದೆಯೆಂದು ನಾನು ಕೊಟ್ಟ ದೂರು ಎರಡು ಮಳೆಗಾಲ ಕಂಡಿದೆ. ಈ ಚಿತ್ರದ ಮೇಲೆ ಯಾರೋ ಕೊಟ್ಟ ದೂರಿಗೆ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಪರಿಹಾರ ಸಿಕ್ಕಿತು. ತಮ್ಮ ಕಚೇರಿಗೆ ಕೆಲಸ ಮಾಡಲು ಗೊತ್ತಿಲ್ಲವೆಂದು ಇನ್ನು ಯಾರು ಹೇಳಿಯಾರು?

ಈಗ ಮಚ್ಚೆಯ ವಿಚಾರ. ಅದು ತಮ್ಮದಲ್ಲ, ನನ್ನದು.

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನೂ ಅಣ್ಣನೂ ಇದ್ದೆವು. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಅವನು ಪೆನ್ಸಿಲ್ಲಿನಲ್ಲಿ ಗೀಚಿ, ನಿಬ್ಬಿನಲ್ಲಿ ಗೆರೆ ಎಳೆದು, ಎಲ್ಲೆಲ್ಲಿ ಕಪ್ಪು ಬೇಕೋ ಅಲ್ಲೆಲ್ಲ ಸಣ್ಣ ಗುಣಾಕಾರದ ಗುರುತು ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳುತ್ತಿದ್ದ. ಗುರುತಿದ್ದಲ್ಲಿ ಮಸಿ ತುಂಬುವುದು ನನ್ನ ಕೆಲಸ. ಕೋಟು, ಕೂದಲು, ಬೂಟು, ಬಾಗಿಲಾಚೆಯ ಕತ್ತಲೆ, ಎಲ್ಲ ನನ್ನ ಪಾಲು. ಅಧಿಕಾರಿಗಳ ಮನಸ್ಸಿಗೂ ಒಂದು ಗುರುತು ಹಾಕಿಕೊಡು ಎಂದು ಆಗಾಗ ರೇಗಿಸುತ್ತಿದ್ದೆ. ಅಂದು ಈ ಅಧಿಕಾರಿಯ ಕೂದಲಿಗೆ ಮಸಿ ತುಂಬುವಾಗ ಕುಂಚದಿಂದ ಒಂದು ಹನಿ ಜಾರಿ ಕೆನ್ನೆಯ ಮೇಲೆ ಬಿತ್ತು. ಬಿಳಿ ಬಣ್ಣ ಹಚ್ಚಿದರೆ ಒಣಗಬೇಕು. ಅಷ್ಟರಲ್ಲಿ ಚಿತ್ರಕ್ಕೆ ಲೋಹದ ಅಚ್ಚು ತೆಗೆಯುವ ಬ್ಲಾಕಿನವರು ಬಾಗಿಲು ಹಾಕುತ್ತಿದ್ದರು. ಅಣ್ಣ ಹಾಳೆಯನ್ನು ದೂರ ಹಿಡಿದು ನೋಡಿ ನಕ್ಕುಬಿಟ್ಟ.

‘ಇರ್ಲಿ ಬಿಡೇ. ಇವನಿಗೆ ಏನೋ ಕಡಿಮೆ ಇದೆ ಅಂತ ಬೆಳಗ್ಗೆಯಿಂದ ಅನ್ನಿಸ್ತಿತ್ತು. ಈಗ ನೋಡು, ಎಲ್ಲೋ ನೋಡಿದವನ ಥರ ಆದ.’

ಅಲ್ಲಿಂದ ಮುಂದಿನ ಚಿತ್ರಗಳಲ್ಲೆಲ್ಲ ಆ ಅಧಿಕಾರಿಗೆ ಮಚ್ಚೆ ಕಾಯಂ ಆಯಿತು. ಒಮ್ಮೆ ಮರೆತದ್ದಕ್ಕೆ, ಸಾಹೇಬರು ರಜೆಯ ಮೇಲಿದ್ದಾರೆಯೇ ಎಂದು ಓದುಗರು ಪತ್ರಿಕೆಗೆ ಬರೆದು ಕೇಳಿದ್ದರು. ಆಗಿನ ಆಯುಕ್ತರ ಮುಖ ಕನ್ನಡಿಯಂತೆ ನುಣುಪಾಗಿತ್ತು, ಹುಡುಕಿದರೂ ಒಂದು ಮಚ್ಚೆ ಸಿಗುತ್ತಿರಲಿಲ್ಲ. ಆದರೂ ಚಿತ್ರದಲ್ಲಿರುವುದು ತಾನೇ ಎಂದು ಅವರಿಗೆ ಗೊತ್ತಾಯಿತು. ಸಂಪಾದಕರನ್ನು ಕರೆಸಿ ಕೂಗಾಡಿದರಂತೆ. ಆಮೇಲೆ ಸದ್ದಿಲ್ಲದೆ, ಎಷ್ಟೋ ಕಾಲದಿಂದ ತೆರೆಯದಿದ್ದ ಕಚೇರಿಯ ದೂರು ಪೆಟ್ಟಿಗೆಯ ಬೀಗವನ್ನೂ ತೆಗೆಸಿದರು. ಅವರಿಗೂ ತಮಗೂ ಇರುವ ವ್ಯತ್ಯಾಸ ಮಚ್ಚೆಯೊಂದೇ ಎಂದು ನಾನು ನಂಬಲೇ?

ಪ್ರದರ್ಶನದ ಮೊದಲ ದಿನ ಬಂದವರು, ಈ ಚಿತ್ರ ಇವತ್ತಿಗೂ ಎಷ್ಟು ಪ್ರಸ್ತುತ ನೋಡಿ ಎಂದು ಮೆಚ್ಚಿಕೊಂಡರು. ಈ ಮೆಚ್ಚುಗೆ ಅಣ್ಣನಿಗೆ ಸೇರುತ್ತಿರಲಿಲ್ಲ. ಬದುಕಿದ್ದಾಗಲೇ ಯಾರಾದರೂ ಹಾಗೆ ಹೇಳಿದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದ. ಚಿತ್ರ ಬೇಗ ಹಳಸಲಿ, ಮೊಮ್ಮಕ್ಕಳ ಕಾಲಕ್ಕೆ ಇದರಲ್ಲಿ ನಗುವುದಕ್ಕೆ ಏನಿದೆ ಎಂದು ಕೇಳುವಂತಾಗಲಿ ಎಂಬುದು ಅವನ ಆಸೆ. ತಾವು ಚಿತ್ರ ಇಳಿಸಿದ ದಿನ ಅವನು ಇನ್ನೊಂದು ಸಲ ಸೋತ. ಅದನ್ನು ಅವನಿಗೆ ಹೇಳಬೇಕಾದ ಕಷ್ಟ ನನಗೆ ಬರಲಿಲ್ಲ ಎಂಬುದಷ್ಟೇ ಸಮಾಧಾನ.

ಕಳೆದ ವಾರ ತಮ್ಮ ಕಚೇರಿಗೆ ಬಂದಿದ್ದೆ. ಮೊದಲು ಬೆಂಚು, ಆಮೇಲೆ ಕಿಟಕಿ, ಆಮೇಲೆ ಮತ್ತೆ ಅದೇ ಬೆಂಚು. ತಾವು ಸಭೆಯಲ್ಲಿದ್ದಿರಿ. ತಮ್ಮ ಆಪ್ತ ಸಹಾಯಕರು ಒಳ್ಳೆಯವರು, ಕೂರಿಸಿ ನೀರು ಕೊಟ್ಟು, ತಲೆ ತಗ್ಗಿಸಿ, ಯಾರಿಗೂ ನೋವಾಗದ ಒಂದು ದಾರಿ ಹೇಳಿದರು.

‘ಅಮ್ಮಾ, ಆ ಮಚ್ಚೆ ಒಂದಕ್ಕೆ ನೀವೇ ಸ್ವಲ್ಪ ಬಿಳಿ ಹಚ್ಚಿಬಿಡಿ. ಸಾಯಂಕಾಲಾನೇ ಮತ್ತೆ ಗೋಡೆಗೆ ಹಾಕಿಸ್ತೀನಿ.’

ಲೋಟ ಕೆಳಗಿಟ್ಟು ಎದ್ದು ಬಂದೆ. ಅವರಿಗೆ ಉತ್ತರವನ್ನು ಈಗ ಹೇಳುತ್ತೇನೆ. ಅಣ್ಣ ಚಿತ್ರ ಬರೆಯುತ್ತಿದ್ದ ಪತ್ರಿಕೆ ಮುಚ್ಚಿದಾಗ ಮೂಲಚಿತ್ರಗಳೆಲ್ಲ ರದ್ದಿಯವನ ತಕ್ಕಡಿ ಸೇರಿದವು. ಬ್ಲಾಕಿನವರು ತಮ್ಮ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದರಿಂದ ಇದೊಂದು ಉಳಿಯಿತು. ಇದರ ಗೆರೆಗಳೆಲ್ಲ ಅವನವು. ಕೋಟು ಕೂದಲುಗಳ ಕಪ್ಪೂ ಅವನು ಗುರುತು ಹಾಕಿದಲ್ಲಿಯೇ ಇದೆ. ಅವನು ಹೇಳದೆ ನಾನು ಇಟ್ಟದ್ದು ಆ ಒಂದು ಹನಿ, ಅವನು ಅಳಿಸದೆ ಬಿಟ್ಟದ್ದೂ ಅದೇ. ಅಣ್ಣ ತೀರಿಕೊಂಡಾಗ ಅವನ ಬಗ್ಗೆ ಬರೆದವರಲ್ಲಿ ಯಾರಿಗೂ ಅವನಿಗೊಬ್ಬ ತಂಗಿ ಇದ್ದದ್ದು ನೆನಪಾಗಲಿಲ್ಲ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಆ ಕೋಣೆಗಳಲ್ಲಿ ದಿನಗಟ್ಟಲೆ ನನ್ನ ದನಿಯೇ ನನಗೆ ಕೇಳಿಸುವುದಿಲ್ಲ. ಕೆಳಗಿನ ಹೊಲಿಗೆ ಯಂತ್ರ ನಿಂತಾಗ ಒಬ್ಬಳೇ ಇದ್ದೇನೆಂದು ಗೊತ್ತಾಗುತ್ತದೆ. ಆ ಹನಿಯ ಮೇಲೆ ಬಿಳಿ ಹಚ್ಚಿ ಎಂದು ನನಗೇ ಹೇಳುತ್ತೀರಲ್ಲ, ಸ್ವಾಮಿ. ತಮಗೆ ಕನ್ನಡಿಯಲ್ಲಿ ದಿನವೂ ಸಿಗುವ ಒಂದು ಮಚ್ಚೆಯಿದೆ. ನನಗಿರುವುದು ಇದೊಂದೇ.

ಆದ್ದರಿಂದ ಕ್ಷಮೆ ಬೇಡ, ವಿಚಾರಣಾ ಸಮಿತಿ ಬೇಡ. ಚಿತ್ರ ಇದ್ದ ಹಾಗೆಯೇ, ಮಚ್ಚೆ ಸಮೇತ, ಗ್ರಂಥಾಲಯದ ಗೋಡೆಗೆ ಹಿಂತಿರುಗಬೇಕು. ಪ್ರದರ್ಶನ ಮುಗಿದ ಮೇಲೆ ನನ್ನ ಮನೆಗೆ ಬರಬೇಕು. ತಮ್ಮ ಮಾನದ ಚಿಂತೆಯಿದ್ದರೆ ಅದರ ಹೊಣೆಯನ್ನೂ ನಾನೇ ಹೊರುತ್ತೇನೆ. ಒಂದು ಕುರ್ಚಿ ಹಾಕಿಸಿ. ದಿನವೂ ಚಿತ್ರದ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ಇವರು ನಮ್ಮ ಆಯುಕ್ತರಲ್ಲ, ಇದು ಕೈಜಾರಿ ಬಿದ್ದ ಮಸಿ ಎಂದು ವಿವರಿಸುತ್ತೇನೆ. ನನಗೂ ನಾಲ್ಕು ಜನರ ಜೊತೆ ಮಾತಾಡಿದಂತಾಗುತ್ತದೆ. ಅವರು ನನ್ನ ಮಾತು ನಂಬುವ ಹಾಗೆ ನಡೆದುಕೊಳ್ಳುವುದಷ್ಟೇ ತಮ್ಮ ಪಾಲಿನ ಕೆಲಸ.

ಇಂತಿ,
ಗೆರೆ ದಾಟಿ ಒಂದೇ ಒಂದು ಹನಿ ಚೆಲ್ಲಿದ,
ಕಪ್ಪು ತುಂಬುವವಳು